16 ಜನರ ಪಾರ್ಲಿಮೆಂಟು: ಟುವಾಲುವಿಗೆ ನಿಮ್ಮ ಕನಿಕರ ಬೇಡ!



ಮಂಡಿಯುದ್ದ ಸಮುದ್ರದ ನೀರಿನಲ್ಲಿ ಕೋಟು, ಟೈ ಹಾಕಿಕೊಂಡು ನಿಂತು ಭಾಷಣ ಮಾಡಿದ ಮಂತ್ರಿಯ ಫೋಟೋ ನೀವು ನೋಡಿರಬಹುದು. 2021ರದ್ದು ಅದು. ಟುವಾಲು ದೇಶದ ಸೈಮನ್ ಕೋಫೆ. ಪೇಪರಿನವರು ಅಚ್ಚು ಹಾಕಿದರು, ಟೀವಿಯವರು ತೋರಿಸಿದರು, 'ಅಯ್ಯೋ ಪಾಪ, ಮುಳುಗುವ ದೇಶ' ಎಂದು ಎಲ್ಲರೂ ಲೊಚಗುಟ್ಟಿದರು. ಆತ ಯಾವ ಸರ್ಕಾರದ ಮಂತ್ರಿ, ಆ ಸರ್ಕಾರ ಹೇಗೆ ನಡೆಯುತ್ತದೆ ಎಂದು ಕೇಳಿದವರು ಎಷ್ಟು ಜನ?

ಕೇಳುವುದಿಲ್ಲ. ಯಾಕೆಂದರೆ ಚಿಕ್ಕವರನ್ನು ಕಂಡರೆ ಕನಿಕರ ಹುಟ್ಟುತ್ತದೆ, ಗೌರವ ಹುಟ್ಟುವುದಿಲ್ಲ. ಪೆಸಿಫಿಕ್ ಸಾಗರದ 9 ದ್ವೀಪ. ನೆಲ 26 ಚದರ ಕಿಲೋಮೀಟರು. ಜನ 11 ಸಾವಿರವೂ ದಾಟುವುದಿಲ್ಲ. ಅಷ್ಟು ಜನಕ್ಕೆ ತಲೆಗೊಂದು ಕರಪತ್ರ ಹೊಡೆಯುವುದು ನನ್ನ ಪುಟ್ಟ ಪ್ರೆಸ್ಸಿನಲ್ಲಿ ಒಂದು ರಾತ್ರಿಯ ಕೆಲಸ. 'ಇಷ್ಟು ಮಂದಿಗೊಂದು ದೇಶ ಬೇಕಾ ಸ್ವಾಮಿ?' ಎಂದು ನಗುವ ದೊಡ್ಡ ಮನುಷ್ಯರಿದ್ದಾರೆ. ಅವರಿಗೆ ಆ ಜನ 1974ರಲ್ಲೇ ಉತ್ತರ ಕೊಟ್ಟಾಗಿದೆ.

ಆಗ ಅದರ ಹೆಸರು ಎಲಿಸ್ ದ್ವೀಪಗಳು. ಬ್ರಿಟಿಷರು ತಮ್ಮ ಆಡಳಿತದ ಅನುಕೂಲಕ್ಕೆ ಅದನ್ನು ಗಿಲ್ಬರ್ಟ್ ದ್ವೀಪಗಳ ಜೊತೆ ಒಂದೇ ವಸಾಹತಾಗಿ ಕಟ್ಟಿಹಾಕಿದ್ದರು. ಅವರ ನುಡಿ ಬೇರೆ, ಇವರ ನುಡಿ ಬೇರೆ. ಅವರು ಬಹಳ ಜನ, ಇವರು ಕೆಲವೇ ಜನ. ಸ್ವಾತಂತ್ರ್ಯ ಬಂದ ಮೇಲೆ ಅವರ ಕೈಕೆಳಗೆ ಶಾಶ್ವತ ಅಲ್ಪಸಂಖ್ಯಾತರಾಗಿ ಉಳಿಯಬೇಕು ಎಂಬುದು ಎಲಿಸ್ ಜನಕ್ಕೆ ಗೊತ್ತಾಯಿತು. ಬೇರೆಯಾಗುತ್ತೇವೆ ಎಂದರು. ಬ್ರಿಟಿಷರು ಷರತ್ತು ಹಾಕಿದರು: ಬಾನಬಾ ದ್ವೀಪದ ಫಾಸ್ಫೇಟ್ ಗಣಿಯ ರಾಜಧನದಲ್ಲಿ ಬಿಡಿಗಾಸು ಇಲ್ಲ, ವಸಾಹತಿನ ಆಸ್ತಿಯಲ್ಲಿ ಒಂದು ಹಡಗು ಬಿಟ್ಟರೆ ಬೇರೆ ಪಾಲಿಲ್ಲ. ಅಂದರೆ ಹೋಗುವುದಾದರೆ ಬರಿಗೈಯಲ್ಲಿ ಹೋಗಿ! ಜನ ಓಟು ಹಾಕಿದರು. ಬೇರೆಯಾಗಲು 3,799. ಬೇಡವೆಂದವರು 293. 1975ರಲ್ಲಿ ಬೇರೆಯಾದರು, 1978ರ ಅಕ್ಟೋಬರ್ 1ರಂದು ಸ್ವತಂತ್ರರಾದರು. ಟುವಾಲು ಎಂದರೆ 'ಎಂಟು ಒಟ್ಟಾಗಿ ನಿಂತದ್ದು'. ಎಂಟರಲ್ಲಿ ಒಂದಾದ ನುಯಿ ದ್ವೀಪದವರು ಆಡುವುದು ಗಿಲ್ಬರ್ಟಿನವರ ನುಡಿಯನ್ನೇ, ಆದರೂ ಇವರ ಜೊತೆಗೇ ಉಳಿದರು. ಇದನ್ನೂ ಗಮನಿಸಿ.

ಈಗ ಸರ್ಕಾರಕ್ಕೆ ಬನ್ನಿ. ಎಂಟು ಕ್ಷೇತ್ರ, ಕ್ಷೇತ್ರಕ್ಕೆ ಇಬ್ಬರು, ಒಟ್ಟು 16 ಸದಸ್ಯರು. ಒಂಬತ್ತನೆಯ ನಿಯುಲಕಿಟ ತೀರಾ ಚಿಕ್ಕದು, ಅದು ನಿಯುಟಾವೊ ಕ್ಷೇತ್ರಕ್ಕೆ ಸೇರಿದೆ. ರಾಜಕೀಯ ಪಕ್ಷಗಳೇ ಇಲ್ಲ! ಹೈಕಮಾಂಡ್ ಇಲ್ಲ, ಟಿಕೆಟ್ ಇಲ್ಲ. ಗೆದ್ದವರು ಸೇರಿ ಗುಪ್ತ ಮತದಾನದಲ್ಲಿ ಪ್ರಧಾನಿಯನ್ನು ಆರಿಸುತ್ತಾರೆ. 2024ರಲ್ಲಿ ಫೆಲೆಟಿ ಟಿಯೊ ಅವಿರೋಧವಾಗಿ ಆಯ್ಕೆಯಾದರು. ಇಂಗ್ಲಿಷೂ ಅಲ್ಲಿ ಅಧಿಕೃತ ಭಾಷೆಯೇ, ಆದರೆ ಸದನದಲ್ಲಿ ಆಡುವುದು ಟುವಾಲುವಿನ ನುಡಿಯಲ್ಲಿ. 11 ಸಾವಿರ ಜನರ ನುಡಿಯಲ್ಲಿ ಬಜೆಟ್ಟು ಮಂಡಿಸಬಹುದು, ಕಾನೂನು ಚರ್ಚಿಸಬಹುದು. ಆಡಳಿತಕ್ಕೆ ತಾಯ್ನುಡಿ ಸಾಲದು ಎನ್ನುವ ನಮ್ಮ ಅಧಿಕಾರಿಗಳು ಕೇಳಿಸಿಕೊಳ್ಳಲಿ.

ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಅವರ ಊರಾಡಳಿತ. ಪ್ರತಿ ದ್ವೀಪಕ್ಕೂ ಫಲೆಕೌಪುಲೆ ಎಂಬ ಊರಸಭೆಯಿದೆ, ತಲತಲಾಂತರದಿಂದ ಹಿರಿಯರು ಕೂತು ತೀರ್ಮಾನ ಮಾಡುತ್ತಿದ್ದ ಸಭೆ. ಆರು ಜನ ಚುನಾಯಿತರ ಕೌಪುಲೆ ಅದರ ಕಾರ್ಯಾಂಗ. 1997ರ ಕಾನೂನು ಈ ಹಳೆಯ ಸಭೆಯನ್ನು ಮ್ಯೂಸಿಯಂಗೆ ಕಳಿಸಲಿಲ್ಲ, ಅದಕ್ಕೇ ಅಧಿಕಾರ ಕೊಟ್ಟಿತು. ಹೆಸರನ್ನೂ ಬದಲಿಸಲಿಲ್ಲ.

ಹಾಗಂತ ಅದು ರಾಮರಾಜ್ಯ ಅಂತ ನಾನು ಹೇಳುವುದಿಲ್ಲ. ಹಿರಿಯರೆಂದರೆ ಗಂಡಸರೇ, 2024ರ ಚುನಾವಣೆಯಲ್ಲಿ ಒಬ್ಬ ಹೆಣ್ಣುಮಗಳೂ ಗೆಲ್ಲಲಿಲ್ಲ. ಪಕ್ಷವಿಲ್ಲದ ಸದನದಲ್ಲಿ ಒಬ್ಬಿಬ್ಬರು ಈ ಕಡೆಯಿಂದ ಆ ಕಡೆ ಹಾರಿದರೆ ಸರ್ಕಾರವೇ ಢಮಾರ್. 2013ರಲ್ಲಿ ಪ್ರಧಾನಿ ವಿಲಿ ಟೆಲಾವಿ ಏನು ಮಾಡಿದರು ಗೊತ್ತೇ? ಉಪಚುನಾವಣೆಯಲ್ಲಿ ಬಹುಮತ ಕೈಬಿಟ್ಟಿತು. ವರ್ಷಕ್ಕೊಂದು ಸಲ ಸದನ ಕರೆದರೆ ಸಾಕು ಎಂದು ಸಂವಿಧಾನ ತೋರಿಸಿ ಕೂತರು! ಗವರ್ನರ್ ಜನರಲ್ ಆಗಸ್ಟ್ 1ರಂದು ಅವರನ್ನು ವಜಾ ಮಾಡಿದರು, ಕೆಲವೇ ದಿನಗಳಲ್ಲಿ ಸದನ ಸೇರಿ ಏನೆಲೆ ಸೊಪೊಆಗ ಅವರನ್ನು ಆರಿಸಿತು. 1989ರಲ್ಲಿ ನಮ್ಮ ಬೊಮ್ಮಾಯಿ ಸರ್ಕಾರ ಹೋದದ್ದು ಇದಕ್ಕೆ ತದ್ವಿರುದ್ಧವಾಗಿ. ಇಲ್ಲಿ ಸದನಕ್ಕೆ ಬಲ ತೋರಿಸಲು ಬಿಡದೆ ಮನೆಗೆ ಕಳಿಸಿದರು, ಅಲ್ಲಿ ಸದನ ಕರೆಯದವರನ್ನು ಮನೆಗೆ ಕಳಿಸಿದರು.

ಆ ಗವರ್ನರ್ ಜನರಲ್ ಯಾರ ಪ್ರತಿನಿಧಿ? ಲಂಡನ್ನಿನ ಅರಮನೆಯ ಪ್ರತಿನಿಧಿ. ಇವತ್ತಿಗೂ ಟುವಾಲುವಿನ ರಾಜ ಮೂರನೇ ಚಾರ್ಲ್ಸ್. 2008ರಲ್ಲಿ ಗಣರಾಜ್ಯವಾಗೋಣವೇ ಎಂದು ಜನರನ್ನು ಕೇಳಿದರು. 1,260 ಜನ ಬೇಡ ಎಂದರು, 679 ಜನ ಬೇಕು ಎಂದರು. ಕೊನೆಯ ಅಪೀಲೂ ಲಂಡನ್ನಿನ ಪ್ರಿವಿ ಕೌನ್ಸಿಲಿಗೇ. ನನಗಿದು ಹಿಡಿಸುವುದಿಲ್ಲ. ಆದರೆ ತೀರ್ಮಾನ ಅವರದ್ದು, ಅವರೇ ಓಟು ಹಾಕಿ ಮಾಡಿದ್ದು.

ನನಗೆ ಭಯವಿರುವುದು ಸತ್ತ ಸಾಮ್ರಾಜ್ಯದ ರಾಜನ ಬಗ್ಗೆ ಅಲ್ಲ, ಪಕ್ಕದ ಸಾಹುಕಾರನ ಬಗ್ಗೆ. 2023ರ ಅಕ್ಟೋಬರ್ 1ರಂದು ಟುವಾಲು ಹೊಸ ಸಂವಿಧಾನ ತಂದಿತು: ನೆಲ ಸಮುದ್ರದ ಪಾಲಾದರೂ ದೇಶ ಶಾಶ್ವತ ಎಂದು ಅದರಲ್ಲಿ ಬರೆದುಕೊಂಡಿತು. ಮುಂದಿನ ತಿಂಗಳೇ ಆಸ್ಟ್ರೇಲಿಯಾದ ಜೊತೆ ಫಲೆಪಿಲಿ ಒಪ್ಪಂದಕ್ಕೆ ಸಹಿ. 2024ರಲ್ಲಿ ಜಾರಿ. ವರ್ಷಕ್ಕೆ 280 ಜನ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು, ಲಾಟರಿ ಎತ್ತಿ ಆರಿಸುತ್ತಾರೆ. 2025ರ ಮೊದಲ ಲಾಟರಿಗೆ ಹೆಸರು ಕೊಟ್ಟವರು ದೇಶದ ಅರ್ಧಕ್ಕಿಂತ ಹೆಚ್ಚು ಜನ. ಅವರನ್ನು ಬೈಯಬೇಡಿ, ಮನೆಯೊಳಗೆ ಉಪ್ಪುನೀರು ನುಗ್ಗಿದರೆ ನೀವೂ ಹೆಸರು ಕೊಡುತ್ತೀರಿ. ಬದಲಿಗೆ ಆಸ್ಟ್ರೇಲಿಯಾ ಪಡೆದದ್ದೇನು ಎಂದು ಕೇಳಿ. ಟುವಾಲು ಇನ್ನು ಬೇರೆ ಯಾವ ದೇಶದ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಳ್ಳಬೇಕಾದರೂ ಆಸ್ಟ್ರೇಲಿಯಾ ಒಪ್ಪಬೇಕು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುತ್ತಿರುವವರು ಆ ಒಪ್ಪಂದದ 4ನೇ ವಿಧಿ ತೆಗೆದು ಓದಿ. ಉದ್ದವೇನಿಲ್ಲ.