ಸೀಟು ಸಿಕ್ಕರೆ ಸಾಕೆ?

ಮನೆಯವರ ಕಾಯಿಲೆ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕರಾವಳಿಯ ಕೊರಗ ಬುಡಕಟ್ಟಿನವರಿಗೆ ತಿನ್ನಿಸುತ್ತಿದ್ದ ನಾಡು ನಮ್ಮದು. ಈ ಅಜಲು ಪದ್ಧತಿಯನ್ನು ಸರ್ಕಾರ ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ, ಮೊನ್ನೆ ಮೊನ್ನೆ. ಊರವರ ರೋಗವನ್ನು ಉಣ್ಣಬೇಕಾಗಿದ್ದ ಆ ಸಮುದಾಯದ ಹುಡುಗಿ ಇಂದು ರೋಗಿಗಳ ಶುಶ್ರೂಷೆ ಕಲಿಯಲು ಹೊರಟರೆ, ಒಂದು ಸೀಟು ಕೊಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಆ ಸೀಟಾದರೂ ಸಲೀಸಾಗಿ ಸಿಗುತ್ತದೆಯೇ? ಬಿಎಸ್ಸಿ ನರ್ಸಿಂಗಿಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಕಾಪುವಿನ ಕೊರಗ ಹುಡುಗಿಯೋ ಕಾರ್ಕಳದ ಮಲೆಕುಡಿಯ ಬುಡಕಟ್ಟಿನ ಹುಡುಗಿಯೋ ಟ್ಯೂಷನ್ನಿಗೆ ದುಡ್ಡಿಲ್ಲವೆಂದು ಆರ್ಟ್ಸ್ ಸೇರಿದ ದಿನವೇ ಆ ದಾರಿ ಮುಚ್ಚಿತು. ಪರಿಶಿಷ್ಟ ಪಂಗಡದ ಮೀಸಲಾತಿ 2022ರಲ್ಲಿ ಶೇ. 3ರಿಂದ 7ಕ್ಕೇರಿದ್ದು ಒಳ್ಳೆಯದೇ. ಆದರೆ ರಾಜ್ಯದಲ್ಲಿ ಸುಮಾರು ಹದಿನೈದು ಸಾವಿರವಷ್ಟೇ ಇರುವ ಕೊರಗರು ಅದೇ ಪಟ್ಟಿಯ ಲಕ್ಷಾಂತರ ಜನರ ಮಕ್ಕಳೊಡನೆ ಅಂಕಗಳಲ್ಲಿ ಪೈಪೋಟಿಗೆ ಇಳಿಯಬೇಕು.

ನಿಜವಾದ ಕಷ್ಟ ಮೊದಲ ವರ್ಷದ್ದು. ಮನೆಯಲ್ಲಿ ಕೊರಗ ಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅನಾಟಮಿ ಮಾತ್ರ ಇಂಗ್ಲಿಷಿನಲ್ಲಿ. ಮೂಳೆಯನ್ನು ಕೈಯಲ್ಲಿ ಹಿಡಿದು ಅದರ ಗುರುತುಗಳನ್ನೆಲ್ಲ ಬೆರಳಿಟ್ಟು ತೋರಿಸಬಲ್ಲವಳು ಉತ್ತರಪತ್ರಿಕೆಯಲ್ಲಿ ಎರಡು ವಾಕ್ಯ ಬರೆಯಲಾಗದೆ ಫೇಲಾಗುತ್ತಾಳೆ. ಆಗ ‘ಅವಳಿಗೆ ತಲೆಗೆ ಹತ್ತುವುದಿಲ್ಲ’ ಎನ್ನುವುದು ಎಷ್ಟು ಸುಲಭ! ಇಂಗ್ಲಿಷ್ ಎಲ್ಲ ಬಡ ಮಕ್ಕಳಿಗೂ ಕಷ್ಟವಲ್ಲವೇ ಎಂದು ಕೇಳಬಹುದು. ಹೌದು. ಆದರೆ ಉಳಿದವರಿಗೆ ನೋಟ್ಸ್ ಕೊಡಲು ನೆರೆಮನೆಯಲ್ಲೊಬ್ಬ ನರ್ಸ್ ಅಕ್ಕ ಇರುತ್ತಾಳೆ. ಇವಳ ಕಾಲೊನಿಯಲ್ಲಿ ಬಹುಶಃ ಇವಳೇ ಮೊದಲಿಗಳು. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ, 1990ರಿಂದ ನರ್ಸಿಂಗ್ ಕಾಲೇಜಿದೆ. ಇಷ್ಟು ವಿದ್ಯೆಯಿರುವ ಉಡುಪಿ ಜಿಲ್ಲೆಗೆ ತರಗತಿ ಶುರುವಾಗುವ ಮುನ್ನ ಮೂರು ತಿಂಗಳ ಬ್ರಿಡ್ಜ್ ಕೋರ್ಸ್ ನಡೆಸುವುದು ಭಾರವಲ್ಲ. ವಿದ್ಯಾರ್ಥಿವೇತನ ತಡವಾದರೆ ಹಾಸ್ಟೆಲ್ ಶುಲ್ಕಕ್ಕೆ ಕಾಲೇಜು ಕಾಯಲಿ, ತರಗತಿಯಲ್ಲಿ ಎದ್ದು ನಿಲ್ಲಿಸಿ ಕೇಳದಿರಲಿ.

ಕಲಿಯಬೇಕಾದವಳು ಇವಳೊಬ್ಬಳೇ ಅಲ್ಲ. ಮೂಲನಿವಾಸಿಗಳ ಆರೋಗ್ಯದ ಬಗ್ಗೆ, ಅವರಿಗಾದ ಅನ್ಯಾಯದ ಬಗ್ಗೆ ವೈದ್ಯಕೀಯ ಮತ್ತು ನರ್ಸಿಂಗ್ ಶಾಲೆಗಳ ಎಲ್ಲ ವಿದ್ಯಾರ್ಥಿಗಳಿಗೂ ಪಾಠ ಕಡ್ಡಾಯವಾಗಲಿ ಎಂದು ಕೆನಡಾದ ಸತ್ಯ ಮತ್ತು ಸಮನ್ವಯ ಆಯೋಗ 2015ರಲ್ಲಿ ಹೇಳಿತು. ನಮ್ಮಲ್ಲೂ ಅವಳ ಪಕ್ಕದಲ್ಲಿ ಊಟಕ್ಕೆ ಕೂರುವ ಗೆಳತಿಯರು, ಅಂಕ ಹಾಕುವ ಮೇಡಂ ಅಜಲಿನ ಚರಿತ್ರೆಯನ್ನು ಓದಿರಬೇಕು.

ಇನ್ನೊಂದು ಮಾತು. ಓದು ಮುಗಿಸಿದವಳು ತನ್ನ ಕಾಲೊನಿಗೇ ಮರಳಿ ಸೇವೆ ಮಾಡಬೇಕೆಂಬ ಷರತ್ತು ಬೇಡ. ಕರಾವಳಿಯ ಉಳಿದ ನರ್ಸುಗಳಂತೆ ಅವಳೂ ಬೆಂಗಳೂರಿಗೋ ದುಬೈಗೋ ಹೋಗಲಿ. ಕಾರ್ಕಳದ ತಾಲೂಕು ಆಸ್ಪತ್ರೆಯೇ ಇಷ್ಟವಾದರೆ ಅಲ್ಲಿರಲಿ.