ಕಪ್ಪು ಗಾಜಿನ ಸಿಂಗಾರ

ವನದುರ್ಗದಂತಹ ಊರಿನಲ್ಲಿ ಗೆಳೆಯರಿಬ್ಬರು ಅಂಗಳದಲ್ಲಿಯೇ ಕಾರು ತೊಳೆದು ಹೊಳಪೇರಿಸುವುದನ್ನು ಯಾರೂ ಆಕ್ಷೇಪಿಸಬೇಕಿಲ್ಲ. ಒಣಧೂಳನ್ನು ಉಜ್ಜಿದರೆ ಬಣ್ಣಕ್ಕೆ ಗೀರು ಬೀಳುವುದೆಂದು ಬಲ್ಲವರು ಎರಡು ಬಕೆಟ್ ನೀರಿನಲ್ಲಿ ಕೆಲಸ ಮುಗಿಸುತ್ತಾರೆ. ಪೈಪು ಹಿಡಿದು ನೀರು ಪೋಲು ಮಾಡುವವರಿಗಿಂತ ಮೇಲು.

ಆಕ್ಷೇಪವಿರುವುದು ಗಾಜಿಗೆ ಅಂಟಿಸುವ ಕಪ್ಪು ಹಾಳೆಗೆ. ಪಕ್ಕದ ಗಾಜಿನಲ್ಲಿ ಶೇ. 50, ಮುಂದು-ಹಿಂದಿನದರಲ್ಲಿ ಶೇ. 70 ಬೆಳಕು ಹಾಯಬೇಕೆಂಬುದು 1989ರ ನಿಯಮ. 2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯವು ಇಂತಹ ಹಾಳೆಯನ್ನೇ ನಿಷೇಧಿಸಿತು. ಬಿಸಿಲ ನಾಡಿಗೆ ತಂಪು ಬೇಡವೇ ಎಂಬ ವಾದವಿದೆ. ಬೇವಿನ ನೆರಳಿಗೇನು ಬರವೇ? ಮುಸ್ಸಂಜೆ ಹೊಲದಿಂದ ಮರಳುವ ಕೂಲಿಯವರು, ದೀಪವಿಲ್ಲದ ಎತ್ತಿನ ಗಾಡಿ ಆ ಗಾಜಿನಲ್ಲಿ ಮಸುಕಾಗುತ್ತಾರೆ. ಪ್ರಯೋಜನವಿಲ್ಲದ ಇಂತಹ ಹಿಂಸೆಗೇ ಶ್ರಾವಕಾಚಾರದಲ್ಲಿ ಅನರ್ಥದಂಡವೆಂಬ ಹೆಸರು.

ಬಿಸಿ ತಾಗಿಸಿದರೆ ಹಾಳೆ ಸಡಿಲಗೊಳ್ಳುತ್ತದೆ. ಕೀಳುವುದಕ್ಕೂ ಅದೇ ಗೆಳೆಯನನ್ನು ಕರೆಯಬಹುದು.