ಮಿಕ್ಸರ್ ಕೆಟ್ಟರೆ ಕನ್ನಡದಾಗೇ ಬಿಚ್ಚೋಣ



ಫಲಕ, ಬಾವುಟ, 2004ರಿಂದ ಸುಪ್ರೀಂ ಕೋರ್ಟಿನಾಗ ಕೂತಿರುವ ಗಡಿ ದಾವೆ, ಇವುಗಳ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಈ ಸಲ ಅಡುಗೆಮನಿ ಕಟ್ಟೆ ಮೇಲಿನ ಮಿಕ್ಸರ್ ಬಗ್ಗೆ ಬರೀತೀವಿ. ನಗಬ್ಯಾಡ್ರಿ, ಪೂರ್ತಿ ಓದ್ರಿ. ನಮ್ಮ ಭಾಷೆ ಎಲ್ಲಿ ಕೈಬಿಡ್ತದ ಅನ್ನೋದು ಆ ಕಟ್ಟೆ ಮೇಲೆ ಚೆನ್ನಾಗಿ ಕಾಣ್ತದ.

ಮಿರಜ ತಾಲೂಕಿನ ಕಸಬೆ ಡಿಗ್ರಜ ಕೃಷ್ಣಾ ದಂಡೆಯ ಊರು, ಅರಿಷಿಣದ ಊರು. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಅರಿಷಿಣ ಸಂಶೋಧನೆ ನಡೆಯುವುದು ಇಲ್ಲೇ. 'ಫುಲೆ ಸ್ವರೂಪಾ' ಅನ್ನುವ ತಳಿ ಬಂದದ್ದೂ ಇಲ್ಲಿಂದಲೇ. ಸಾಂಗ್ಲಿ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಇಂಥ ಸೀಮೆಯಾಗ ಮನೆಗೆ ಬೇಕಾದ ಅರಿಷಿಣ ಪುಡಿಯನ್ನ ಮನಿಯಾಗೇ ಮಾಡಿಕೊಳ್ಳುವವರು ಇದ್ದೇ ಇರ್ತಾರ. ಒಣಗಿದ ಅರಿಷಿಣ ಕೊಂಬು ಅಂದ್ರ ಕಲ್ಲಿನಂಗ ಗಟ್ಟಿ. ಅದರ ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಖಾರದ ಪುಡಿ. ನಮ್ಮ ಅಡುಗೆಯಾಗ ನೀರಿಲ್ಲದೆ ಪುಡಿ ಮಾಡೋದೇ ಜಾಸ್ತಿ. ಮಿಕ್ಸರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಈ ಕೆಲಸಗಳಿಗೆ ಕನ್ನಡದಾಗ ಎಷ್ಟು ಮಾತು ಅದಾವ ನೋಡ್ರಿ: ಹುರಿ, ಕುಟ್ಟು, ಅರೆ, ಬೀಸು, ರುಬ್ಬು, ಜರಡಿ ಹಿಡಿ. ಒಂದೊಂದೂ ಬೇರೆ ಕೆಲಸ. ಅವ್ವ ಒಂದಕ್ಕೆ ಇನ್ನೊಂದು ಮಾತು ಬಳಸೋದಿಲ್ಲ. ಆದರೆ ಮಿಕ್ಸರ್ ನಿಂತ ಕ್ಷಣ ಕನ್ನಡವೂ ನಿಂತುಬಿಡ್ತದ. "ಮಿಕ್ಸರ್ ಕೆಟ್ಟೈತಿ", ಅಷ್ಟೇ. ಏನು ಕೆಟ್ಟೈತಿ, ಎಲ್ಲಿ ಕೆಟ್ಟೈತಿ, ಯಾಕ ಕೆಟ್ಟೈತಿ ಅನ್ನೋದಕ್ಕೆ ಮಾತಿಲ್ಲ. ಅದನ್ನ ಹೊತ್ಕೊಂಡು ಪ್ಯಾಟಿಗೆ ಹೋಗ್ತೀವಿ. "ಮೋಟಾರ್ ಹೋಗೈತಿ, ಹೊಸಾದು ತಗೋರಿ" ಅಂದ್ರ ತಲೆ ಆಡಿಸಿ ಬರ್ತೀವಿ. ಕೆಲವೇ ರೂಪಾಯಿಯ ಬಿಡಿಭಾಗ ಸವೆದಿರಬಹುದು, ನಾವು ಸಾವಿರಾರು ರೂಪಾಯಿ ಹೊಸ ಮಿಕ್ಸರಿಗೆ ಕೊಟ್ಟಿರ್ತೀವಿ. ರೋಗದ ಹೆಸರು ಹೇಳಲಾರದವರು ದುಡ್ಡು ತೆತ್ತು ಬರ್ತಾರ.

ನಮ್ಮ ಹಿರಿಯರು ಹಿಂಗ ಇರಲಿಲ್ಲ. ಬೀಸುಕಲ್ಲು ನುಣುಪಾಗಿ ಹಿಟ್ಟು ದಪ್ಪ ಬಿತ್ತು ಅಂದ್ರ ಉಳಿಯಿಂದ ಕಚ್ಚು ಹಾಕಿಸಬೇಕು ಅಂತ ಮನಿ ಹೆಣ್ಣುಮಕ್ಕಳಿಗೇ ಗೊತ್ತಿತ್ತು. ಗೂಟ ಸಡಿಲಾದರೆ ಬಡಿದು ಕೂಡಿಸ್ತಿದ್ದರು. ಅದು ಅವರದೇ ಯಂತ್ರ, ಅದರ ಕಾಯಿಲೆಯೂ ಅವರಿಗೆ ಗೊತ್ತಿದ್ದ ಕಾಯಿಲೆ. ಕಲ್ಲು ಹೋಗಿ ಕರೆಂಟು ಬಂತು, ತಿಳಿವಳಿಕೆ ಮಾತ್ರ ಜೊತೆಗೆ ಬರಲಿಲ್ಲ.

ಹಂಗಾದರೆ ಬಿಚ್ಚಿ ನೋಡೋಣ.

ಮೊದಲ ಮಾತು: ಪ್ಲಗ್ ಕಿತ್ತು ಕೈಯಾಗ ಹಿಡಕೊಳ್ರಿ. ಸ್ವಿಚ್ ಆಫ್ ಮಾಡಿದ್ದು ಸಾಲದು. ಕೈ ಒಣ ಇರಲಿ, ನೆಲ ಒಣ ಇರಲಿ. ವಾರಂಟಿ ಇನ್ನೂ ಇದ್ದರೆ ಬಿಚ್ಚಬ್ಯಾಡ್ರಿ, ಕಂಪನಿಯ ಸರ್ವೀಸಿಗೇ ಕೊಡ್ರಿ. ಬೇಕಾಗುವ ಸಾಮಾನು ದೊಡ್ಡದೇನಲ್ಲ: ಒಂದು ಸ್ಕ್ರೂಡ್ರೈವರ್, ಒಂದು ಪಕ್ಕಡ್, ಒಂದು ಹಳೆ ಬಟ್ಟೆ, ಬಿಚ್ಚಿದ ಸ್ಕ್ರೂ ಹಾಕಿಡಲಿಕ್ಕೆ ಒಂದು ಬಟ್ಟಲು. ಬಿಚ್ಚುವ ಮುಂಚೆ ಮತ್ತು ಒಂದೊಂದು ಭಾಗ ತೆಗೆದಾಗ ಮೊಬೈಲಿನಾಗ ಫೋಟೋ ತಗೋರಿ. ತಿರುಗಿ ಜೋಡಿಸುವಾಗ ಆ ಫೋಟೋನೇ ಗುರು.

ಮಿಕ್ಸರ್ ಪೂರ್ತಿ ಸುಮ್ಮನಾಗಿದೆಯೇ? ಮೊದಲು ಬೇರೆ ಏನಾದರೂ ಹಚ್ಚಿ ಸಾಕೆಟ್ಟಿನಾಗ ಕರೆಂಟು ಇದೆಯೇ ನೋಡ್ರಿ. ಇದ್ದರೆ ಪ್ಲಗ್ ತೆಗೆದು ಮಿಕ್ಸರನ್ನ ಮಗ್ಗಲಿಗೆ ಮಲಗಿಸಿ ತಳ ನೋಡ್ರಿ. ಬಹಳಷ್ಟು ಮಿಕ್ಸರುಗಳಿಗೆ ಅಲ್ಲಿ ಒಂದು ಚಿಕ್ಕ ಗುಂಡಿ ಇರ್ತದ, ಹೆಚ್ಚಾಗಿ ಕೆಂಪು. ಅದು ಓವರ್‌ಲೋಡ್ ಸ್ವಿಚ್. ಮೋಟಾರಿಗೆ ತಾಳಲಾರದಷ್ಟು ಭಾರ ಬಿದ್ದಾಗ ಅದು ತಾನಾಗೇ ಹೊರಗ ಜಿಗಿದು ಕರೆಂಟು ಕಡೀತದ. ವೇಗದ ಗುಂಡಿಯನ್ನ ಸೊನ್ನೆಗೆ ತಂದು, ಹತ್ತು-ಹದಿನೈದು ನಿಮಿಷ ಆರಲಿಕ್ಕೆ ಬಿಟ್ಟು, ಆ ಗುಂಡಿ ಒಳಗ ಒತ್ರಿ. "ಕೆಟ್ಟ" ಮಿಕ್ಸರುಗಳಲ್ಲಿ ಎಷ್ಟೋ ಇಷ್ಟಕ್ಕೇ ಎದ್ದು ಕೂಡ್ತಾವ. ಮತ್ತೆ ಮತ್ತೆ ಜಿಗೀತಿದ್ದರೆ ಜಾರಿನಾಗ ಕಡಿಮೆ ಹಾಕ್ರಿ, ಬಿಟ್ಟು ಬಿಟ್ಟು ತಿರುಗಿಸ್ರಿ. ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ಬಿಡಬೇಕು ಅನ್ನೋದನ್ನ ಎಷ್ಟೋ ಮಿಕ್ಸರುಗಳ ತಳದ ಲೇಬಲ್ಲಿನಾಗ ಬರೆದಿರ್ತಾರ. ಯಾರೂ ಓದೋದಿಲ್ಲ, ಅದು ನಮ್ಮ ಭಾಷೆಯಾಗ ಇರೋದೂ ಇಲ್ಲ.

ಮೋಟಾರ್ ತಿರುಗಿದ ಸಪ್ಪಳ ಬರ್ತದ, ಜಾರಿನ ಬ್ಲೇಡ್ ಮಾತ್ರ ತಿರುಗೋದಿಲ್ಲವೇ? ಅದು ಕಪ್ಲರಿನ ರೋಗ. ಜಾರ್ ತೆಗೆದರೆ ಮೋಟಾರಿನ ತಲೆ ಮೇಲೆ ಹಲ್ಲಿರುವ ಒಂದು ಬಿಲ್ಲೆ ಕಾಣ್ತದ, ಜಾರಿನ ತಳಕ್ಕೂ ಅದಕ್ಕೆ ಹೊಂದುವ ಇನ್ನೊಂದು ಇರ್ತದ. ಈ ಎರಡರ ಹಲ್ಲು ಒಂದಕ್ಕೊಂದು ಕಚ್ಚಿದರೆ ಮಾತ್ರ ಬ್ಲೇಡ್ ತಿರುಗೋದು. ಗಟ್ಟಿ ಕೊಂಬು ಸಿಕ್ಕಾಗ ಮೊದಲು ಮುರಿಯೋದು ಈ ಹಲ್ಲೇ. ಬಿಡಿಭಾಗ ಅಗ್ಗ, ಹಾಕೋದೂ ಸುಲಭ. ಬಿಚ್ಚುವಾಗ ತಳದ ಕಡೆಯಿಂದ ಮೋಟಾರಿನ ದಂಡ ತಿರುಗದಂಗ ಹಿಡಿದು, ಮೇಲಿನ ಬಿಲ್ಲೆಯನ್ನ ತಿರುಗಿಸ್ರಿ. ಕೆಲವು ಮಾದರಿಗಳಲ್ಲಿ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಕೆಲವುಗಳಲ್ಲಿ ಎಡಕ್ಕೆ. ಒಂದು ಕಡೆ ಬರಲಿಲ್ಲ ಅಂದ್ರ ಜೋರು ಮಾಡಬ್ಯಾಡ್ರಿ, ಇನ್ನೊಂದು ಕಡೆ ನೋಡ್ರಿ. ಹೊಸದು ತರುವಾಗ ಹಳೇದನ್ನ ಜೊತೆಗೆ ಒಯ್ದು ಅಳತೆ ಹೊಂದಿಸ್ರಿ.

ಒಳಗ ಕಿಡಿ ಜಾಸ್ತಿ, ಒಮ್ಮೆ ಓಡ್ತದ ಒಮ್ಮೆ ನಿಲ್ತದ, ಸುಟ್ಟ ವಾಸನಿ? ಕಾರ್ಬನ್ ಬ್ರಷ್ ನೋಡ್ರಿ. ಹೆಸರು ಬ್ರಷ್, ಕೂದಲು ಇರೋದಿಲ್ಲ. ಇದ್ದಿಲಿನಂಥ ಕರಿ ತುಂಡು, ಹಿಂದೆ ಒಂದು ಸ್ಪ್ರಿಂಗ್. ಮೋಟಾರಿನ ತಿರುಗುವ ಭಾಗಕ್ಕೆ ತಂತಿ ಕಟ್ಟಲಿಕ್ಕೆ ಬರೋದಿಲ್ಲ, ಸುತ್ತಿಕೊಂಡುಬಿಡ್ತದ. ಅದಕ್ಕೇ ಎರಡು ಕಾರ್ಬನ್ ತುಂಡು ಎರಡು ಕಡೆಯಿಂದ ತಾಮ್ರದ ಪಟ್ಟಿಗಳಿಗೆ ಉಜ್ಜುತ್ತಾ ಕರೆಂಟು ಮುಟ್ಟಿಸ್ತಾವ. ಉಜ್ಜಿದ್ದು ಸವೆಯಲೇಬೇಕು. ಬದಲಿಸುವಾಗ ಎರಡನ್ನೂ ಕೂಡೇ ಬದಲಿಸ್ರಿ, ಅಳತೆ ಅದೇ ಇರಲಿ. ತಾಮ್ರದ ಪಟ್ಟಿ ಮೇಲಿನ ಕರಿ ಪುಡಿಯನ್ನ ಒಣ ಬಟ್ಟೆಯಿಂದ ಒರೆಸ್ರಿ. ಹೊಸ ಬ್ರಷ್ ಹಾಕಿದ ಮೊದಲಿಗೆ ಸಣ್ಣ ಕಿಡಿ ಕಂಡರೆ ಹೆದರಬ್ಯಾಡ್ರಿ, ಕೂಡಿಕೊಂಡ ಮೇಲೆ ಕಡಿಮೆ ಆಗ್ತದ.

ಜಾರ್ ತೆಗೆದರೆ ಮೋಟಾರ್ ಸರಾಗ ಓಡ್ತದ, ಜಾರ್ ಇಟ್ಟರೆ ನರಳ್ತದೋ? ರೋಗ ಜಾರಿನಾಗ ಐತಿ. ಜಾರಿನ ತಳದ ಬಿಲ್ಲೆಯನ್ನ ಬೆರಳಿಂದ ತಿರುಗಿಸಿ ನೋಡ್ರಿ. ಬಿಗಿ ಇದ್ದರೆ ಬುಷ್ ಹಿಡದಾದ. ತಳದಿಂದ ಕರಿ ನೀರು ಸೋರ್ತಿದ್ದರೆ ಬುಷ್ ಸವದಾದ, ಇಲ್ಲವೇ ವಾಷರ್ ಹೋಗ್ಯಾದ. ಇದನ್ನ ನಾಳೆ ನೋಡೋಣ ಅನ್ನಬ್ಯಾಡ್ರಿ. ಆ ಕರಿ ನೀರು ಊಟದಾಗೂ ಸೇರ್ತದ, ಕೆಳಗಿಳಿದು ಮೋಟಾರನ್ನೂ ಸುಡ್ತದ. ಬುಷ್ ಕೂಡಿಸಲಿಕ್ಕೆ ಸರಿಯಾದ ಸಲಕರಣೆ ಬೇಕು, ಅಂಗಡಿಗೇ ಕೊಡ್ರಿ. ಆದರೆ "ಜಾರಿನ ಬುಷ್ ಹಾಕಿ ಕೊಡ್ರಿ" ಅಂತ ಹೇಳಿ ಕೊಡ್ರಿ.

ಮನಿಯಾಗ ಮಾಡಬಾರದ ಕೆಲಸವೂ ಐತಿ. ವೈಂಡಿಂಗ್ ಸುಟ್ಟಿದ್ದರೆ, ಮೈ ಮುಟ್ಟಿದಾಗ ಚುರ್ ಅಂದಿದ್ದರೆ, ವೈರ್ ಕರಗಿದ್ದರೆ, ಅಲ್ಲಿಗೆ ನಿಲ್ಲಿಸಿ ಬಲ್ಲವರ ಹತ್ತಿರ ಒಯ್ಯಿರಿ. 2019ರ ಆಗಸ್ಟ್ ಮತ್ತು 2021ರ ಜುಲೈ ಮಹಾಪೂರ ಕಂಡ ಕೃಷ್ಣಾ ದಂಡೆಯವರಿಗೆ ಇನ್ನೂ ಒಂದು ಮಾತು: ಪೂರದ ನೀರಾಗ ಮುಳುಗಿದ ಮಿಕ್ಸರನ್ನ ಬಿಸಿಲಿಗಿಟ್ಟು ಒಣಗಿತು ಅಂತ ಪ್ಲಗ್ ಹಾಕಬ್ಯಾಡ್ರಿ. ಮೇಲೆ ಒಣಗಿರ್ತದ, ಸುರುಳಿಯ ಒಳಗ ಕೆಸರು, ತೇವ ಇರ್ತದ. ಇಲೆಕ್ಟ್ರಿಶಿಯನ್ ಹತ್ತಿರ ಇನ್ಸುಲೇಶನ್ ಪರೀಕ್ಷೆ ಮಾಡಿಸಿದ ಮೇಲೇ ಹಚ್ರಿ. ಮಿಕ್ಸರ್ ಹೋದರೆ ಇನ್ನೊಂದು ಬರ್ತದ, ಜೀವ ಬರೋದಿಲ್ಲ.

ಈಗ ಮೇಲೆ ಬರೆದದ್ದನ್ನ ಇನ್ನೊಮ್ಮೆ ನೋಡ್ರಿ. ಕಪ್ಲರ್, ಬ್ರಷ್, ಬುಷ್, ವೈಂಡಿಂಗ್: ಬಿಡಿಭಾಗದ ಹೆಸರು ಇಂಗ್ಲಿಷಿನವು. ಇರಲಿ. ಮರಾಠಿಯವರೂ ಅವನ್ನೇ ಅಂತಾರ. ಅದಕ್ಕೆಲ್ಲ ಹೊಸ ಕನ್ನಡ ಪದ ಕಟ್ಟುವ ಹಟ ನಮಗಿಲ್ಲ. ಆದರೆ ಹಲ್ಲು, ಕಚ್ಚು, ಸವೆ, ಸೋರು, ಬಿಗಿ, ಸಡಿಲ, ಕಿಡಿ, ವಾಸನಿ, ನರಳು, ಈ ರೋಗ ಹೇಳುವ ಮಾತೆಲ್ಲ ನಮ್ಮ ಮನಿಯವೇ. "ಕಪ್ಲರಿನ ಹಲ್ಲು ಸವದಾವು" ಅನ್ನೋದು ಪೂರ್ತಿ ಕನ್ನಡ ವಾಕ್ಯ. ಸಾಮಾನು ಯಾವ ದೇಶದ್ದಾದರೂ ಇರಲಿ, ಅದರ ಬಗ್ಗೆ ಯೋಚನೆ ಮಾಡಲಿಕ್ಕೆ ಕನ್ನಡ ಸಾಕು. ಸಾಕಾಗೋದಿಲ್ಲ ಅಂತ ನಾವು ನಂಬಿದ್ದೇ ನಮಗಾದ ನಷ್ಟ.

ನಮ್ಮ ಸೀಮೆಗೆ ರಿಪೇರಿ ಹೊಸದೂ ಅಲ್ಲ, ಕೀಳೂ ಅಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಾಗ ಶುರು ಮಾಡಿದ್ದು ಸೈಕಲ್ ಮಾರುವ, ರಿಪೇರಿ ಮಾಡುವ ಅಂಗಡಿಯಿಂದ. ಅಲ್ಲಿಂದ ಕಬ್ಬಿಣದ ನೇಗಿಲಿಗೆ ಬಂದರು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ಊರು ಇವತ್ತು ಇದೇ ಸಾಂಗ್ಲಿ ಜಿಲ್ಲೆಯಾಗ ಐತಿ. ಮಿರಜಿನ ಸಿತಾರ್, ತಂಬೂರಿ ಕಸುಬು ಬೆಳೆದದ್ದು ಆಯುಧ ಸಾಣೆ ಹಿಡೀತಿದ್ದ ಶಿಕಲಗಾರ್ ಮನೆತನದವರ ಕೈಯಾಗ. ಆಯುಧದ ಕಾಲ ಮುಗಿದಾಗ ಅದೇ ಕೈ ವಾದ್ಯ ಹಿಡೀತು. ಮಿಕ್ಸರಿನ ಕತೆಯೂ ಹಿಂಗೇ. ಮುಂಬೈಯಾಗ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ ಮಾಥುರ್ ಅವರ ಮನಿಯಾಗ ಹೆಂಡತಿ ಮಾಧುರಿಯವರ ವಿದೇಶಿ ಮಿಕ್ಸರ್ ನಮ್ಮ ದೇಶದ ರುಬ್ಬುವಿಕೆ ತಾಳದೆ ಕೆಟ್ಟಿತು. ಅದೇ ಕಾರಣಕ್ಕೆ ಅವರು ನಮ್ಮ ಅಡುಗೆಗೆ ತಕ್ಕಂಥ ಮಿಕ್ಸರ್ ಮಾಡಲಿಕ್ಕೆ ಹೊರಟರು. 1963ರ ಸುಮಾರಿಗೆ 'ಸುಮೀತ್' ಹುಟ್ಟಿತು. ಕೆಟ್ಟದ್ದನ್ನ ಬಿಚ್ಚಿ ನೋಡಿದವರೇ ಹೊಸದನ್ನ ಕಟ್ಟಿದ್ದಾರೆ.

ಈಗ ನಮ್ಮ ಹುಡುಗ ಹುಡುಗಿಯರ ಸ್ಥಿತಿ ನೋಡೋಣ. ಮಹಾರಾಷ್ಟ್ರದಾಗ ಬಾಲಭಾರತಿ ಕನ್ನಡ ಮಾಧ್ಯಮದ ಪಠ್ಯಪುಸ್ತಕ ಅಚ್ಚು ಮಾಡ್ತದ. ಜತ್ತ, ಅಕ್ಕಲಕೋಟೆ ಕಡೆ ಕನ್ನಡ ಶಾಲೆಗಳಿವೆ. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಮಾತಾಡ್ತದ. ಇವು ಹೋರಾಡಿ ಉಳಿಸಿಕೊಳ್ಳಬೇಕಾದ ಹಕ್ಕುಗಳು, ಉಳಿಸಿಕೊಳ್ತೀವಿ. ಆದರೆ ಶಾಲೆ ಮುಗಿದ ಮೇಲೆ ಕೈಕಸುಬಿಗೆ ಕಾಲಿಟ್ಟರೆ ಕನ್ನಡ ಬಾಗಿಲ ಹೊರಗೇ ಚಪ್ಪಲಿ ಜೊತೆ ನಿಲ್ತದ. ಪಾಠದ ಭಾಷೆ ಒಂದು, ಪಕ್ಕಡ್ ಹಿಡಿಯುವ ಭಾಷೆ ಇನ್ನೊಂದು. ಹಬ್ಬಕ್ಕೆ, ಹಾಡಿಗೆ, ಜಗಳಕ್ಕೆ ಮಾತ್ರ ಉಳಿದ ಭಾಷೆಯನ್ನ ಮುಂದಿನ ತಲೆಮಾರು ಯಾಕ ಹೊರಬೇಕು? ಹೊಟ್ಟೆ ತುಂಬಿಸುವ ಕೆಲಸದಾಗ ಕನ್ನಡ ಇದ್ದರೆ ಅದನ್ನ ಉಳಿಸ್ರಿ ಅಂತ ಯಾರೂ ಬೇಡಿಕೊಳ್ಳಬೇಕಾಗಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ 'ರಿಪೇರಿಯ ಹಕ್ಕು' ಬಗ್ಗೆ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ರ ಗ್ರಾಹಕ ದಿನದಂದು ಅದಕ್ಕಾಗಿ ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ವಾಹನಗಳ ಜೊತೆ ಮನೆಬಳಕೆಯ ಸಾಮಾನೂ ಅದರಾಗ ಸೇರ್ಯಾವ. ಒಳ್ಳೆಯ ಹೆಜ್ಜೆ. ಆದರೆ ಓದಲಾರದ ಭಾಷೆಯ ಕೈಪಿಡಿ ಕೊಟ್ಟು ರಿಪೇರಿ ಹಕ್ಕು ಕೊಟ್ಟೆವು ಅಂದ್ರ ಅರ್ಧ ಹಕ್ಕು. ಬಿಡಿಭಾಗ ಸಿಗಬೇಕು, ಕೈಪಿಡಿ ಕನ್ನಡದಾಗೂ ಸಿಗಬೇಕು. ಇದು ನಮ್ಮ ಬೇಡಿಕೆ. ಕರ್ನಾಟಕದ ಅಂಗಡಿಯಾಗ ಮಾತ್ರ ಅಲ್ಲ, ಸಾಂಗ್ಲಿ, ಸೊಲ್ಲಾಪುರ, ಕಾಸರಗೋಡಿನ ಕನ್ನಡ ಮನಿಗೂ ಸಿಗಬೇಕು.

ಬೇಡಿಕೆ ಈಡೇರೋ ತನಕ ಸುಮ್ಮನೆ ಕೂಡೋದು ಬ್ಯಾಡ. ಮೂರು ಕೆಲಸ ಮಾಡೋಣ.

ಒಂದು, ಈ ರವಿವಾರ ನಿಮ್ಮ ಮನಿ ಮಿಕ್ಸರಿನ ತಳ, ಕಪ್ಲರ್, ಜಾರ್ ಮೂರನ್ನೂ ನೋಡ್ರಿ. ಕೆಟ್ಟಿರಬೇಕು ಅಂತೇನಿಲ್ಲ. ಅವ್ವ, ಅಕ್ಕನ್ನ ಜೊತೆಗೆ ಕೂಡಿಸ್ಕೊಳ್ರಿ. ಸಪ್ಪಳ ಬದಲಾದದ್ದು ಮೊದಲು ತಿಳಿಯೋದು ಅವರಿಗೇ.

ಎರಡು, ಊರಾಗ ರಿಪೇರಿ ಅಂಗಡಿ ಇಟ್ಟವರು, ಕನ್ನಡದವರಿರಲಿ ಮರಾಠಿಯವರಿರಲಿ, ಅವರ ಹತ್ತಿರ ಒಂದು ತಾಸು ಕೂತು ನೋಡ್ರಿ. ಕಸುಬು ಕಲಿಸುವವರು ಯಾವ ಭಾಷೆಯವರಾದರೂ ನಮಗೆ ಗುರುಗಳೇ. ಕಲಿತದ್ದನ್ನ ಮನಿಗೆ ಬಂದು ತಮ್ಮನಿಗೆ, ತಂಗಿಗೆ ಕನ್ನಡದಾಗ ಹೇಳ್ರಿ.

ಮೂರು, ನೀವು ಮಾಡಿದ ರಿಪೇರಿಯನ್ನ ನಿಮ್ಮ ಊರಿನ ಮಾತಿನಾಗೇ ಹತ್ತು ಸಾಲು ಬರೆದು, ಇಲ್ಲವೇ ಎರಡು ನಿಮಿಷ ಮಾತಾಡಿ ನಮಗೆ ಕಳಿಸ್ರಿ. ಜತ್ತದ ಮಾತು ಬೇರೆ, ಅಕ್ಕಲಕೋಟೆ ಮಾತು ಬೇರೆ, ಮಂಜೇಶ್ವರದ್ದು ಇನ್ನೂ ಬೇರೆ. ಇರಲಿ, ತಿದ್ದೋದಿಲ್ಲ. ಅವನ್ನೆಲ್ಲ ಕೂಡಿಸಿದರೆ ಯಾವ ಕಂಪನಿಯೂ ಕೊಡದ ಕನ್ನಡ ಕೈಪಿಡಿ ನಮ್ಮ ಕೈಯಾಗೇ ತಯಾರಾಗ್ತದ.

ಮಿಕ್ಸರ್ ಆದ ಮೇಲೆ ಪಂಪ್‌ಸೆಟ್ ಐತಿ, ಫ್ಯಾನ್ ಐತಿ, ಔಷಧ ಹೊಡಿಯೋ ಪಂಪು ಐತಿ. ಪ್ಲಗ್ ಮಾತ್ರ ಮೊದಲು ಕೀಳ್ರಿ.